ಏಳನೇ ನಂಬರಿನ ಹಾಸು

ಹಾಸಿಗೆ ಮೇಷ್ಟ್ರು ಎಂದರೆ ಊರಿಗೆಲ್ಲ ಗೊತ್ತಿತ್ತು. ಕರಾಟೆ ಮೇಷ್ಟ್ರು ಎಂದರೆ ಅರ್ಧ ಊರು ತಲೆ ಕೆರೆದುಕೊಳ್ಳುತ್ತಿತ್ತು. ಇಬ್ಬರೂ ಒಬ್ಬರೇ. ಹಗಲೆಲ್ಲ ಯಜಮಾನನೊಬ್ಬನ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಡೊಂಕು ಸೂಜಿ ಹಿಡಿದು ಹತ್ತಿಯ ಹಾಸಿಗೆ ಹೊಲಿಯುವುದು, ಸಂಜೆ ಐದೂವರೆಗೆ ಹುಬ್ಬಿನ ಮೇಲೆ ಕೂತ ಹತ್ತಿ ಒರೆಸಿಕೊಂಡು, ಬಿಳಿ ಅಂಗಿ ತೊಟ್ಟು, ಮಕ್ಕಳಿಗೆ ಗುದ್ದುವುದು ಒದೆಯುವುದು ಕಲಿಸುವುದು. ಅದೇ ಅಂಗಡಿಯಲ್ಲಿ ದಿಂಬಿನ ಕವರ್ ಹೊಲಿಯುತ್ತಿದ್ದ ಅವರ ಹೆಂಡತಿ, "ಜನಾನ ಮಲಗಿಸೋರೂ ನೀವೇ, ಎಬ್ಬಿಸಿ ಒದೆಯೋರೂ ನೀವೇ" ಎಂದು ಛೇಡಿಸುತ್ತಿದ್ದಳು. ಮೇಷ್ಟ್ರು ನಗುತ್ತಿರಲಿಲ್ಲ. ಕರಾಟೆಯ ವಿಷಯಕ್ಕೆ ನಗುವುದು ಅವರಿಗೆ ಕಲಿಸಿದವರೂ ಹೇಳಿಕೊಟ್ಟಿರಲಿಲ್ಲ.

ಕಲಿಸಿದವರು ಹತ್ತಿ ಮಿಲ್ಲಿನ ವಾಚ್‌ಮನ್. ಹತ್ತಿ ತರಲು ಹೋದ ಹುಡುಗನನ್ನು ಗೇಟಿನಲ್ಲಿ ನಿಲ್ಲಿಸಿ, "ನಿಲ್ಲೋಕೇ ಬರಲ್ಲ ನಿಂಗೆ" ಎಂದು ಬೈದು, ಒಂಬತ್ತು ವರ್ಷ ಬರೀ ನಿಲ್ಲುವುದನ್ನು ಕಲಿಸಿದ ಪುಣ್ಯಾತ್ಮ. ಸಾಯುವಾಗ ತನ್ನ ಕಪ್ಪು ಬೆಲ್ಟನ್ನು ಮೇಷ್ಟ್ರ ಕೈಗಿಟ್ಟು, "ನನ್ನ ಹತ್ರಾನೇ ಮುಗಿದುಹೋಯ್ತು ಅನ್ನಿಸ್ಬೇಡ" ಎಂದ. ಸವೆದು ಸವೆದು ನಡುವೆ ಬೆಳ್ಳಗಾಗಿದ್ದ ಆ ಬೆಲ್ಟನ್ನು ಕಟ್ಟಿಕೊಂಡಾಗಲೆಲ್ಲ ಮೇಷ್ಟ್ರಿಗೆ ಆ ಮಾತು ನೆನಪಾಗುತ್ತಿತ್ತು. ಬದುಕಿನಲ್ಲಿ ಅವರು ಕೇಳಿಕೊಂಡದ್ದು ಅದೊಂದೇ. ತಾನು ಹೋದ ಮೇಲೂ ಸಂಜೆ ಐದೂವರೆಗೆ ಎಲ್ಲೋ ಒಂದು ಕಡೆ ಈ ಕ್ಲಾಸ್ ನಡೆಯುತ್ತಿರಬೇಕು.

ಎಲ್ಲೋ ಒಂದು ಕಡೆ ಎನ್ನುವುದೇ ಕಷ್ಟ. ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ಸಲ ಎತ್ತಂಗಡಿಯಾಯಿತು. ಶಾಲೆಯ ವರಾಂಡ ಸಿಕ್ಕಿತು, ಹೆಡ್‌ಮಾಸ್ಟರು ಬದಲಾದರು. ಗ್ಯಾರೇಜಿನ ಮೇಲಿನ ತಾರಸಿ ಸಿಕ್ಕಿತು, ಕೆಳಗೆ ಧೂಳು ಉದುರುತ್ತದೆ ಎಂದು ಮೆಕ್ಯಾನಿಕ್ಕು ಜಗಳ ತೆಗೆದ. ಲೈಬ್ರರಿಯ ಹಿತ್ತಲು ಸಿಕ್ಕಿತು, ಆದರೆ ಅಲ್ಲಿ ಬಾಯಿ ಬಿಡುವಂತಿಲ್ಲ. ಒಂದು ವರ್ಷವಂತೂ ನೀರಿಲ್ಲದ ಈಜುಕೊಳದೊಳಗೆ ಕ್ಲಾಸ್ ನಡೆಯಿತು. ಕೊಳದ ತಳ ಒಂದು ಕಡೆಗೆ ಇಳಿಜಾರು. ಒದೆಯಲು ಕಾಲೆತ್ತಿದವರೆಲ್ಲ ಒಂದೊಂದೇ ಹೆಜ್ಜೆ ಜಾರಿ, ಕ್ಲಾಸ್ ಮುಗಿಯುವ ಹೊತ್ತಿಗೆ ಎಲ್ಲರೂ ಆಳದ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದಿರುತ್ತಿದ್ದರು. ಪುಕ್ಕಟೆ ಜಾಗ ಕೊಡುವವರಲ್ಲಿ ಒಂದು ಗುಣವಿದೆ. ಕೊಟ್ಟದ್ದನ್ನು ಮರೆಯುವುದಿಲ್ಲ, ವಾಪಸ್ ಕೇಳುವುದನ್ನೂ ಮರೆಯುವುದಿಲ್ಲ.

ಇಷ್ಟು ಸಲ ಗಂಟುಮೂಟೆ ಕಟ್ಟಿದವರಿಗೆ ಹಾಸು ಎಲ್ಲಿಡುವುದೆಂಬುದು ದೊಡ್ಡ ತಲೆನೋವು. ಬಿದ್ದರೆ ಮೂಳೆ ಮುರಿಯದ ಹಾಗೆ ನೆಲಕ್ಕೆ ಏನಾದರೂ ಹಾಸಲೇಬೇಕು. ಮೇಷ್ಟ್ರು ಹಾಸಿಗೆಯವರಲ್ಲವೇ, ತಮ್ಮ ಬುದ್ಧಿ ಓಡಿಸಿದರು. ಅಂಗಡಿಯಲ್ಲಿ ಉಳಿದ ಹತ್ತಿ, ನಾರು ತುಂಬಿ, ಮೇಲೆ ದಪ್ಪ ಬಟ್ಟೆ ಹಾಕಿ, ನಾಲ್ಕು ಬೆರಳು ದಪ್ಪದ ಮೂವತ್ತೈದು ಚೌಕಗಳನ್ನು ಹೊಲಿದರು. ಪ್ರತಿಯೊಂದನ್ನೂ ನಡುವೆ ಮಡಚಬಹುದು, ಬೆನ್ನಿಗೆ ಹಾಕಿಕೊಳ್ಳಲು ಪಟ್ಟಿಯಿದೆ. ಮೂಲೆಯಲ್ಲಿ ಕಪ್ಪು ಬಣ್ಣದಲ್ಲಿ ನಂಬರು. ಒಬ್ಬರಿಗೆ ಒಂದು. ಮನೆಗೆ ಒಯ್ಯಬೇಕು, ಸಂಜೆ ತರಬೇಕು, ಸಾಲಿಗೆ ಐದರಂತೆ ಏಳು ಸಾಲು ಜೋಡಿಸಬೇಕು. ಜೋಡಿಸಿದರೆ ಕ್ಲಾಸ್, ಬಿಚ್ಚಿದರೆ ಏನೂ ಇಲ್ಲ.

ಹಾಜರಿ ಪುಸ್ತಕದ ಗೋಜೇ ಇರಲಿಲ್ಲ. ಬಾರದವರ ಜಾಗದಲ್ಲಿ ಬರಿ ನೆಲ ಕಾಣುತ್ತಿತ್ತು. ಮಕ್ಕಳು ಅದನ್ನು ಗುಂಡಿ ಎನ್ನುತ್ತಿದ್ದರು. ಗುಂಡಿಗೂ ಮೇಷ್ಟ್ರು ಒಂದು ಕಾನೂನು ಮಾಡಿದ್ದರು. "ನಿನ್ನ ಪಕ್ಕ ಗುಂಡಿ ಬಿದ್ರೆ ಮಾರನೇ ದಿನ ನೀನೇ ಅವರ ಮನೆಗೆ ಹೋಗಿ ವಿಚಾರಿಸ್ಬೇಕು. ಇಲ್ದಿದ್ರೆ ನಾಳೆ ನಿನ್ನ ಕಾಲೇ ಅದ್ರಲ್ಲಿ ಸಿಕ್ಕಿ ಉಳುಕುತ್ತೆ." ಕಾಲು ಉಳುಕುವ ಭಯಕ್ಕೋ ಏನೋ, ಮಕ್ಕಳು ಹೋಗುತ್ತಿದ್ದರು. ಹತ್ತೊಂಬತ್ತನೇ ನಂಬರಿನ ಹುಡುಗ ಒಂದು ಸಂಜೆ ಬಾರದಿದ್ದಾಗ ಅಕ್ಕಪಕ್ಕದ ನಾಲ್ವರು ಅವನ ಮನೆಗೆ ಹೋಗಿ ನೋಡಿದರೆ, ಹಾಸಿನ ಮೇಲೆ ಅವನ ಅಜ್ಜಿ ಮಲಗಿ, "ಇಷ್ಟು ಚೆನ್ನಾಗಿ ನಿದ್ದೆ ಬಂದು ಹತ್ತು ವರ್ಷ ಆಗಿತ್ತು, ಕೊಡಲ್ಲ ಹೋಗಿ" ಎಂದು ಹಟ ಹಿಡಿದಿದ್ದಳಂತೆ. ಮೇಷ್ಟ್ರು ಅಜ್ಜಿಗೆ ಬೇರೆ ಹಾಸಿಗೆ ಹೊಲಿದುಕೊಟ್ಟು ಹತ್ತೊಂಬತ್ತನ್ನು ಬಿಡಿಸಿಕೊಂಡು ಬಂದರು.

ಹೀಗೆ ಎಲ್ಲರಿಗೂ ನಂಬರೇ ಹೆಸರಾಯಿತು. ಮನೆಯವರು ಇಟ್ಟ ಹೆಸರು ಮೇಷ್ಟ್ರ ಬಾಯಿಗೆ ಬರುತ್ತಿರಲಿಲ್ಲ.

ಏಳು ಬಂದಾಗ ಅವಳಿಗೆ ಎಂಟು ವರ್ಷ. ಲಾಂಡ್ರಿಯಲ್ಲಿ ಬಟ್ಟೆ ಮಡಚುವವನ ಮಗಳು. ಹಾಸು ಅವಳಿಗಿಂತ ದೊಡ್ಡದು. ಹಿಂದಿನಿಂದ ನೋಡಿದರೆ ಹಾಸಿಗೇ ಎರಡು ಕಾಲು ಬಂದ ಹಾಗೆ ನಡೆದುಬರುತ್ತಿದ್ದಳು. ಮೊದಲ ದಿನವೇ ಯಾರೋ ತಳ್ಳಿ ಅಂಗಾತ ಬಿದ್ದಳು. ಮೇಷ್ಟ್ರು "ಏಳು!" ಎಂದು ಗದರಿದರು. ಅವಳು ಬಿದ್ದಲ್ಲಿಂದಲೇ ಕೇಳಿದಳು, "ನನ್ನ ಕರೆದ್ರಾ, ಎದ್ದೇಳು ಅಂದ್ರಾ?"

"ಎರಡೂ" ಎಂದರು ಮೇಷ್ಟ್ರು. ಅವತ್ತು ಅವರಿಗೆ ನಗು ಬಂದಿತ್ತು.

ಆಮೇಲೆ ಹದಿನಾಲ್ಕು ವರ್ಷ ಅವಳು ಆ ಒಂದು ಕೂಗಿಗೆ ಎರಡು ಸಲ ಓಗೊಟ್ಟು ಏಳುತ್ತಿದ್ದಳು. ಅಪ್ಪ ಸತ್ತು, ಸೋದರತ್ತೆಯ ಜೊತೆ ಇರತೊಡಗಿ, ತಾನೇ ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮೆಷಿನ್ನಿನ ಮುಂದೆ ನಿಲ್ಲುವವಳಾದ ಮೇಲೂ ಹಾಸು ಹೊತ್ತು ಬರುವುದನ್ನು ಬಿಡಲಿಲ್ಲ. ಅವಳು ನಿಂತರೆ ಅಲುಗಾಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ವಾಚ್‌ಮನ್ನನ ಬೆಲ್ಟು ಯಾರ ಸೊಂಟಕ್ಕೆ ಹೋಗಬೇಕೆಂದು ಮೇಷ್ಟ್ರ ಮನಸ್ಸಿನಲ್ಲಿ ಎಂದೋ ತೀರ್ಮಾನವಾಗಿತ್ತು. ಬೆಲ್ಟಿನ ಜೊತೆಗೆ ಒಂದು ಸ್ವಂತ ಜಾಗವನ್ನೂ ಕೊಡಬೇಕು, ತನ್ನ ಹಾಗೆ ಅವಳು ಊರವರ ಕೈಕಾಲು ಹಿಡಿಯುತ್ತ ತಿರುಗಬಾರದು ಎಂಬುದೊಂದು ಅವರಿಗೆ ಹಟವಾಯಿತು.

ಜಾಗ ಕೊನೆಗೂ ಸಿಕ್ಕಿತು, ಅನ್ನ ಹೋಗಿ ಸಿಕ್ಕಿತು. ಸುರುಳಿ ಸುತ್ತಿ ಡಬ್ಬದಲ್ಲಿ ಬರುವ, ಬಿಚ್ಚಿದರೆ ಬುಸ್ಸೆಂದು ಉಬ್ಬುವ ಹಾಸಿಗೆಗಳು ಬಂದ ಮೇಲೆ ಹತ್ತಿಯ ಹಾಸಿಗೆ ಕೇಳುವವರಿಲ್ಲದೆ ಅಂಗಡಿ ಮುಚ್ಚಿತು. ಅದರ ಕೊರಗಿನಲ್ಲೇ ಅಂಗಡಿಯ ಯಜಮಾನ ತೀರಿಕೊಂಡ. ಅವನ ಹೆಂಡತಿ ಅಂಗಡಿಯನ್ನು ಮಾರಿ, ಅದರ ಹಿಂದಿದ್ದ ಹತ್ತಿ ಗೋದಾಮನ್ನು ಮಾತ್ರ ಕರಾಟೆ ಶಾಲೆಯ ಹೆಸರಿಗೆ ಬರೆದುಕೊಟ್ಟಳು. "ಮೂವತ್ತು ವರ್ಷ ಇಲ್ಲಿ ಬಗ್ಗಿ ಹೊಲಿದ್ರಿ. ಇನ್ನು ನೆಟ್ಟಗೆ ನಿಂತು ಒದೀರಿ" ಎಂದಳು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅವರ ಹೆಂಡತಿ ಗೋದಾಮಿನ ಗೋಡೆಗೆ ಅಂಗೈ ಒತ್ತಿ ನಿಂತು, "ಇದು ಇನ್ನೆಲ್ಲಿಗೂ ಹೋಗಲ್ಲ ಅಲ್ವಾ?" ಎಂದು ಮೂರು ಸಲ ಕೇಳಿದಳು.

ಮೇಷ್ಟ್ರು ತಪ್ಪು ಮಾಡಿದ್ದು ಇಲ್ಲಿ. ಬೇರೆ ಯಾರೂ ಮಾಡಲಾರದ ತಪ್ಪು, ಹಾಸಿಗೆಯವರು ಮಾತ್ರ ಮಾಡಬಹುದಾದದ್ದು. ಮಕ್ಕಳು ಇನ್ನು ಹೊರೆ ಹೊರುವುದು ಬೇಡ ಎಂದು ಮೂವತ್ತೈದು ಹಾಸುಗಳನ್ನೂ ಗೋದಾಮಿನಲ್ಲಿ ಜೋಡಿಸಿದರು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಸುಬು ಕೈ ಬಿಡಬೇಕಲ್ಲ. ಗೋಡೆಯಿಂದ ಗೋಡೆಗೆ ಒಂದೇ ಕ್ಯಾನ್ವಾಸ್ ಎಳೆದು, ಮೊಣಕಾಲೂರಬೇಡಿ ಎಂದು ಡಾಕ್ಟರು ಬಡಿದುಕೊಂಡಿದ್ದನ್ನು ಕಿವಿಗೆ ಹಾಕಿಕೊಳ್ಳದೆ, ಇಪ್ಪತ್ತಾರು ದಿನ ಮೊಣಕಾಲ ಮೇಲೆ ಕೂತು ಡೊಂಕು ಸೂಜಿಯಲ್ಲಿ ಅಂಚಿಗಂಚು ಹೊಲಿದರು. ಬದುಕಿನಲ್ಲೇ ಅಷ್ಟು ಚೆಂದದ ಹೊಲಿಗೆ ಅವರ ಕೈಯಿಂದ ಬಿದ್ದಿರಲಿಲ್ಲ. ಒಂದು ಸುಕ್ಕಿಲ್ಲ, ಒಂದು ಸಂದಿಲ್ಲ.

ಕೊನೆಯ ದಿನ ಏಳು ಲಾಂಡ್ರಿಯಿಂದ ನೇರ ಬಂದಳು. ಬರಿಗಾಲಲ್ಲಿ ಕ್ಯಾನ್ವಾಸ್ ಮೇಲೆ ಅತ್ತಿತ್ತ ನಡೆದು, "ನಂಬರ್ ಕಾಣಲ್ವಲ್ಲ, ಮೇಷ್ಟ್ರೇ?" ಎಂದಳು.

"ನಂಬರ್ ಯಾಕಮ್ಮ ಇನ್ನು? ಹೊರೋದು ತಪ್ತಲ್ಲ."

"ಅಲ್ಲ, ನಂದೆಲ್ಲಿದೆ ಅಂತ ಗೊತ್ತಾಗ್ಬೇಕಲ್ಲ."

"ಪೂರ್ತಿ ನಿಂದೇ ಕಣೇ" ಎಂದು ಮೇಷ್ಟ್ರು ಅವಳ ಕೈಗೆ ಒಂದು ಬೀಗದ ಕೈ ಕೊಟ್ಟರು. ಬೆಳಗಿನ ಕ್ಲಾಸ್ ಅವಳದು, ಸಂಜೆಯದು ತಮ್ಮದು ಎಂದು ಮಾತಾಯಿತು. ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನೆಲ ನೋಡುತ್ತಲೇ ಹೋದಳು.

ಗೋದಾಮನ್ನು ಎಲ್ಲರೂ ಹಾಲ್ ಎನ್ನತೊಡಗಿದರು. ಮೊದಲ ವಾರ ಜಾತ್ರೆಯೋ ಜಾತ್ರೆ. ಮೂವತ್ತೈದು ಜನ, ಅವರ ಅಪ್ಪ ಅಮ್ಮ ಎಲ್ಲ ಬಂದರು. ಹತ್ತೊಂಬತ್ತರ ಅಜ್ಜಿ ಕೂಡ ಬಂದು ಕ್ಯಾನ್ವಾಸ್ ಒತ್ತಿ ನೋಡಿ, "ಮಲಗಬಹುದು" ಎಂದು ಸರ್ಟಿಫಿಕೇಟ್ ಕೊಟ್ಟಳು. ಮೇಷ್ಟ್ರು ಬಾಗಿಲ ಬಳಿ ಚಪ್ಪಲಿಗೆ ಮೂವತ್ತೈದು ಗೂಡಿನ ಮರದ ಸ್ಟ್ಯಾಂಡ್ ಮಾಡಿಸಿದ್ದರು.

ಎರಡನೇ ತಿಂಗಳಿಗೆ ಗೂಡುಗಳು ಅರ್ಧ ಖಾಲಿಯಾದವು. ಯಾಕೆಂದು ಮೇಷ್ಟ್ರಿಗೆ ಹೊಳೆಯಲಿಲ್ಲ. ಜಾಗ ಒಳ್ಳೆಯದು, ಗಾಳಿ ಬೆಳಕು ಒಳ್ಳೆಯದು, ಓಡಿಸುವವರು ಯಾರೂ ಇಲ್ಲ. ಅದೇ ಸಮಸ್ಯೆ ಎಂದು ಅವರಿಗೆ ಯಾರು ಹೇಳಬೇಕು? ಮೊದಲೆಲ್ಲ ಹಾಸು ಮನೆಯ ಮೂಲೆಯಲ್ಲಿ ನಿಂತು ಸಂಜೆಯಾಗುತ್ತಲೇ ಕಾಲಿಗೆ ತೊಡರುತ್ತಿತ್ತು. "ಇದನ್ನ ಮೊದಲು ಇಲ್ಲಿಂದ ತಗೊಂಡು ಹೋಗು" ಎಂದು ತಾಯಂದಿರು ಮಕ್ಕಳನ್ನು ಅಟ್ಟುತ್ತಿದ್ದರು. ಈಗ ಮನೆಯಲ್ಲಿ ಏನೂ ಅಡ್ಡವಿಲ್ಲ. ನಾಳೆ ಜಾಗ ಇರುತ್ತದೋ ಇಲ್ಲವೋ ಎಂಬ ಭಯವೂ ಇಲ್ಲ. ದಾರಿಯಲ್ಲಿ ಸಿಕ್ಕ ಹನ್ನೆರಡನ್ನು ಮೇಷ್ಟ್ರು ತಡೆದು ಕೇಳಿದರೆ, "ಬರ್ತೀನಿ ಮೇಷ್ಟ್ರೇ, ಹಾಲ್ ಎಲ್ಲಿಗೂ ಹೋಗಲ್ಲ ಅಲ್ವಾ?" ಎಂದು ನಕ್ಕು ಹೋದ.

ಮೇಷ್ಟ್ರು ಹಾಜರಿ ಪುಸ್ತಕ ತಂದರು. ಹೆಸರು ಬರೆಯಲು ಕೂತರೆ ಮೂವತ್ತೈದರಲ್ಲಿ ನಾಲ್ಕು ಹೆಸರೂ ಬರಲಿಲ್ಲ. ಒಂದರಿಂದ ಮೂವತ್ತೈದು ಎಂದು ಬರೆದರು. ಏಳರ ಮುಂದೆ 'ಬೆಳಗ್ಗೆ' ಎಂದು ಬರೆದು ಬಿಟ್ಟರು. ಅವಳು ಬೆಳಿಗ್ಗೆ ಬಾಗಿಲು ತೆಗೆದು ಕಲಿಸಿ ಹೋಗುತ್ತಾಳೆ ಎಂದೇ ಲೆಕ್ಕ. ಸಂಜೆ ಬಂದು ನೋಡಿದರೆ ನೆಲ ಹಾಗೇ ಇರುತ್ತಿತ್ತು, ತುಂಬಿಕೊಂಡು, ಸುಕ್ಕಿಲ್ಲದೆ. ಐದು ಜನ ಬಂದರೂ ಅಷ್ಟೇ, ಇಪ್ಪತ್ತು ಜನ ಬಂದರೂ ಅಷ್ಟೇ. ಯಾರು ಬಂದಿಲ್ಲ ಎಂದು ಆ ನೆಲ ಹೇಳುತ್ತಿರಲಿಲ್ಲ.

ಒಂದು ದಿನ ತರಕಾರಿ ಅಂಗಡಿಯ ಮುಂದೆ ಒಬ್ಬಳು ತಾಯಿ ಮೇಷ್ಟ್ರನ್ನು ನಿಲ್ಲಿಸಿದಳು. "ಬೆಳಗಿನ ಕ್ಲಾಸ್ ಮತ್ತೆ ಯಾವಾಗ ಶುರು ಮಾಡ್ತೀರಿ?"

"ಮತ್ತೆ ಅಂದ್ರೆ?"

"ಬಾಗಿಲು ತೆಗೆದೇ ಐದು ವಾರ ಆಯ್ತಲ್ಲ."

ಮೇಷ್ಟ್ರು ಚೀಲವನ್ನು ಪಕ್ಕದಲ್ಲಿದ್ದ ಹೆಂಡತಿಯ ಕೈಗೆ ತುರುಕಿ, ಕುಂಟುತ್ತ ಲಾಂಡ್ರಿಯ ರಸ್ತೆ ಹಿಡಿದರು.

ಲಾಂಡ್ರಿಯ ಮೇಲಿನ ಎರಡು ಕೋಣೆಯ ಮನೆ. ಮೆಟ್ಟಿಲು ಕಡಿದು, ಮೊಣಕಾಲು ಪ್ರತಿ ಮೆಟ್ಟಿಲಿಗೂ ಚುಚ್ಚಿತು. ಬಾಗಿಲು ತೆಗೆದದ್ದು ಅವಳ ಅತ್ತೆ. ಏಳು ಕಿಟಕಿಯ ಬಳಿ ಕೂತಿದ್ದಳು. ಬಲಗೈ ತೊಡೆಯ ಮೇಲೆ, ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ಇಸ್ತ್ರಿ ಮೆಷಿನ್ನಿನ ರೋಲರ್ ಬೆಡ್‌ಶೀಟಿನ ಜೊತೆಗೆ ಕೈಯನ್ನೂ ಎಳೆದುಕೊಂಡಿತ್ತು. ಮೂರು ಬೆರಳು ಇನ್ನು ಮಡಚುವುದಿಲ್ಲವಂತೆ.

ಮೇಷ್ಟ್ರು ಬೈದುಬಿಟ್ಟರು. "ಹೇಳಿ ಕಳಿಸೋಕೆ ಏನಾಗಿತ್ತು ನಿಂಗೆ? ಐದು ವಾರ!"

"ಯಾವತ್ತು ಹೇಳಿ ಕಳಿಸಿದ್ದೀನಿ ಮೇಷ್ಟ್ರೇ?" ಎಂದಳು ಏಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಜ್ವರ ಬಂದಾಗ ಹೇಳಿ ಕಳಿಸಿದ್ನಾ? ಅಪ್ಪ ಹೋದಾಗ ಹೇಳಿ ಕಳಿಸಿದ್ನಾ? ಅಕ್ಕಪಕ್ಕದ ಎರಡು, ಆರು, ಎಂಟು, ಹನ್ನೆರಡು, ಮಾರನೇ ದಿನ ಬಾಗಿಲಲ್ಲಿ ನಿಂತಿರೋರು. ಅವರ ಹಿಂದೆ ನೀವು."

"ಮೊದಲ ವಾರ ಬಾಗಿಲು ಹಾಕೋಕೇ ಬಿಟ್ಟಿಲ್ಲ ಇವಳು" ಎಂದಳು ಅತ್ತೆ. "ಬರ್ತಾರೆ ಇರು, ಬರ್ತಾರೆ ಇರು ಅಂತ. ಮೆಟ್ಟಿಲ ಸದ್ದಾದ್ರೆ ಸಾಕು, ಎದ್ದು ಕೂತ್ಕೊಳ್ಳೋಳು."

"ಸುಮ್ನಿರು ಅತ್ತೆ. ಅವರ ತಪ್ಪಲ್ಲ. ಗುಂಡಿ ಬಿದ್ದಿರ್ಲಿಲ್ಲ, ಗೊತ್ತಾಗ್ಲಿಲ್ಲ."

ಮೇಷ್ಟ್ರು ಅವಳ ಮುಂದೆ ಕಷ್ಟಪಟ್ಟು ಕೂತರು. ಕೈ ಬೇಡ, ಬಾಯಲ್ಲಿ ಹೇಳಿಕೊಟ್ಟರೆ ಸಾಕು ಎಂದರು. ನಿಲ್ಲುವುದನ್ನು ಕಲಿಸು, ನಿನ್ನ ಹಾಗೆ ನಿಲ್ಲುವವರು ಇನ್ನೊಬ್ಬರಿಲ್ಲ ಎಂದರು. ಜೇಬಿನಲ್ಲಿ ಬೆಲ್ಟು ತಂದಿದ್ದರೆ ಆಗಲೇ ಕಟ್ಟಿಬಿಡುತ್ತಿದ್ದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಬಲಗೈ ಎತ್ತಿ, ಬಟ್ಟೆಯ ತುದಿಯಲ್ಲಿ ಕಾಣುತ್ತಿದ್ದ ಬೆರಳುಗಳನ್ನು ಮಡಚಲು ನೋಡಿದಳು. ಹೆಬ್ಬೆರಳೂ ಕಿರುಬೆರಳೂ ಬಾಗಿದವು. ನಡುವಿನ ಮೂರು ಹಾಗೇ ನಿಂತವು.

"ಇದಕ್ಕಲ್ಲ ಮೇಷ್ಟ್ರೇ" ಎಂದಳು. "ಎಡಗೈ ಇದೆ, ಬಾಯಿ ಇದೆ, ಗೊತ್ತು. ಆದ್ರೆ ಐದು ವಾರ ಇಲ್ಲಿ ಕೂತು ಒಂದು ಅರ್ಥ ಆಯ್ತು. ನಾನಿಲ್ದೆನೂ ಅಲ್ಲಿ ನೆಲ ತುಂಬಿರುತ್ತೆ. ಅದು ತಲೇಲಿ ಕೂತ ಮೇಲೆ ಬರೋಕೆ ಮನಸ್ಸಾಗಲ್ಲ."

ಎಡಗೈಯಿಂದ ಕಿಟಕಿಯ ಮೇಲಿದ್ದ ಬೀಗದ ಕೈ ತೆಗೆದು ಕೊಟ್ಟಳು. ಅತ್ತೆ ಟೀ ಕುಡಿದು ಹೋಗಿ ಎಂದಳು. ಮೇಷ್ಟ್ರು ಕುಡಿದರು. ಏನು ಕುಡಿದೆ ಎಂದು ಅವರಿಗೆ ಗೊತ್ತಾಗಲಿಲ್ಲ.

ನೇರ ಹಾಲ್‌ಗೆ ಬಂದು, ಹತ್ತಿ ಸೀಳುವ ಹಳೆಯ ಚಾಕು ಹುಡುಕಿ ತೆಗೆದರು. ಎಡ ಮೂಲೆಯಿಂದ ಗೇಣು ಹಾಕಿ ಅಳೆದು, ಎರಡನೇ ಸಾಲಿನ ಎರಡನೇ ಚೌಕ ಎಲ್ಲಿ ಬರಬೇಕೋ ಅಲ್ಲಿ ಮೊಣಕಾಲೂರಿ, ಇಪ್ಪತ್ತಾರು ದಿನ ಹೊಲಿದ ಕ್ಯಾನ್ವಾಸನ್ನು ನಾಲ್ಕು ಕಡೆ ಸೀಳಿದರು. ಕೆಳಗೆ ಹಾಸು ಸಿಕ್ಕಿತು. ಮೂಲೆಯಲ್ಲಿ 7. ನಂಬರಿನ ಪಕ್ಕದಲ್ಲಿ ಎಂಟು ವರ್ಷದವಳು ಪೆನ್ನಿನಲ್ಲಿ ಬರೆದದ್ದು ಇನ್ನೂ ಓದಲು ಬರುತ್ತಿತ್ತು: 'ನಾನು'. ಮೇಷ್ಟ್ರು ಅದನ್ನು ಹೊರಗೆಳೆದು ಗೋಡೆಗೆ ಒರಗಿಸಿದರು. ಅಷ್ಟಗಲದ ಸಿಮೆಂಟ್ ನೆಲ ಕಂಡಿತು.

ಐದೂವರೆಗೆ ಇಬ್ಬರು ಬಂದರು. ಹೊಸಬರು, ಅಕ್ಕ ತಂಗಿ. ಹಾಸು ಹೊತ್ತ ಕಾಲವನ್ನೇ ನೋಡದವರು. ಗುಂಡಿಯ ಅಂಚಿನಲ್ಲಿ ಕಾಲು ಮಡಚಿ ಕೂತು ಇಣುಕಿದರು.

"ಹರಿದುಹೋಗಿದೆ ಮೇಷ್ಟ್ರೇ" ಎಂದಳು ಅಕ್ಕ.

"ಹರಿದಿಲ್ಲ. ಇದು ಯಾರ ಜಾಗ ಗೊತ್ತಾ?" ಎಂದರು ಮೇಷ್ಟ್ರು. ಅವರಿಬ್ಬರೂ ಕಣ್ಣು ಕಣ್ಣು ಬಿಟ್ಟರು. ಮೇಷ್ಟ್ರು ಗುಂಡಿಯ ಕಡೆ ಕೈ ತೋರಿಸಿ ಹೇಳಿದರು, "ಏಳು."

ಇಬ್ಬರೂ ತಟಕ್ಕನೆ ಎದ್ದು ನಿಂತರು.

ಮೇಷ್ಟ್ರು ಅವರನ್ನೇ ನೋಡುತ್ತ ಕೂತರು. ಬಿಡಿಸಿ ಹೇಳೋಣ ಎಂದು ಬಾಯಿ ತೆರೆದರು. ಅಷ್ಟರಲ್ಲಿ ತಂಗಿ ಅಕ್ಕನ ಪಕ್ಕೆಗೆ ತಿವಿದಳು. ಅಕ್ಕ ನೆಲ ನೋಡುತ್ತ, "ಮೇಷ್ಟ್ರೇ, ನಾವು ನಾಳೆಯಿಂದ ಬರಲ್ಲ. ಈಜುಕೊಳಕ್ಕೆ ನೀರು ಬಿಟ್ಟಿದ್ದಾರೆ. ಅಮ್ಮ ಅಲ್ಲಿಗೆ ಸೇರಿಸಿದ್ದಾರೆ" ಎಂದಳು. ಪಾಪ, ಮಕ್ಕಳದೇನು ತಪ್ಪು. ಮೇಷ್ಟ್ರು ಇಬ್ಬರ ಬೆನ್ನೂ ತಟ್ಟಿ, ಚೆನ್ನಾಗಿ ಕಲಿಯಿರಿ, ಆಳದ ಕಡೆ ಇಳಿಜಾರಿದೆ, ಹುಷಾರು ಎಂದು ಹೇಳಿ ಕಳಿಸಿದರು. ಆಮೇಲೆ ಬಾಗಿಲು ನೋಡುತ್ತ ಕೂತರು. ಆರೂವರೆಯಾಯಿತು. ಇನ್ಯಾರೂ ಬರಲಿಲ್ಲ.

ಹೆಂಡತಿ ಹುಡುಕಿಕೊಂಡು ಬಂದಳು. ಚಪ್ಪಲಿಯ ಮೂವತ್ತೈದು ಗೂಡಿನಲ್ಲಿ ಒಂದೇ ಜೊತೆ ಇದ್ದದ್ದನ್ನೂ ನೋಡಿದಳು, ಸೀಳಿದ ಕ್ಯಾನ್ವಾಸನ್ನೂ ನೋಡಿದಳು, ಗೋಡೆಗೆ ಒರಗಿದ್ದ ಹಾಸನ್ನೂ ನೋಡಿದಳು. ಗಂಡನ ಎರಡೂ ಕಂಕುಳಿಗೆ ಕೈ ಹಾಕಿ, "ಏಳಿ, ಹೋಗೋಣ" ಎಂದು ಎಬ್ಬಿಸಿದಳು. ಮೊಣಕಾಲು ಮಾತು ಕೇಳದೆ ಎರಡು ಸಲ ಮತ್ತೆ ಕೂತರು. ಮೂರನೇ ಸಲ ಎದ್ದರು.

ಬಾಗಿಲವರೆಗೆ ಹೋದವಳು ತಿರುಗಿ ಗುಂಡಿಯನ್ನು ನೋಡಿದಳು. ಒಪ್ಪ ಓರಣದ ಹೆಂಗಸು, ಮನಸ್ಸು ತಡೆಯಲಿಲ್ಲ. "ಆ ಹಾಸನ್ನ ಅಲ್ಲೇ ಇಟ್ಟು ಬರ್ತೀನಿ ತಡೀರಿ. ಹೀಗೇ ಬಿಟ್ರೆ ನಾಳೆ ಯಾರಾದ್ರೂ ಎಡವಿ ಬೀಳ್ತಾರೆ."

"ಯಾರು?" ಎಂದರು ಮೇಷ್ಟ್ರು.

ಅವಳು ಹಾಸನ್ನು ಗೋಡೆಯ ಬಳಿಯೇ ಬಿಟ್ಟು, ಲೈಟ್ ಆರಿಸಿ, ಗಂಡನ ಕೈಯಿಂದ ಬೀಗ ತೆಗೆದುಕೊಂಡಳು.